ಹಕ್ಕುಪತ್ರ ಬಂತು, ಊರಿನ ನಕ್ಷೆ ಬರಬೇಕಿದೆ

ಹೊಸಪೇಟೆ: ದಾಖಲೆರಹಿತ ಜನವಸತಿಗಳಲ್ಲಿ ವಾಸಿಸುವ 1,11,111 ಕುಟುಂಬಗಳಿಗೆ ಮನೆಯ ಹಕ್ಕುಪತ್ರ ನೀಡುವ ಸಮಾವೇಶವನ್ನು ರಾಜ್ಯ ಸರ್ಕಾರ 2025ರ ಮೇ 20ರಂದು ನಡೆಸಿದ್ದು ಹೊಸಪೇಟೆಯಲ್ಲಿ. ವಿಜಯನಗರ ಜಿಲ್ಲೆಯ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿಗೆ ಇದು ದೂರದ ಸುದ್ದಿಯಲ್ಲ. ತಾಂಡಾ, ಗೊಲ್ಲರಹಟ್ಟಿಗಳು ಇಲ್ಲಿನ ಗ್ರಾಮ ಜೀವನದ ಭಾಗವೇ ಆಗಿವೆ. ಆದರೆ ಹಕ್ಕುಪತ್ರ ಸಿಗುವುದು ಈಗಾಗಲೇ ಕಟ್ಟಿದ ಮನೆಗೆ. ಮುಂದಿನ ತಲೆಮಾರು ಎಲ್ಲಿ ಮನೆ ಕಟ್ಟಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ದಾಖಲೆಯಲ್ಲಿ ಇಲ್ಲದ ಊರು

ಕಂದಾಯ ನಕ್ಷೆಯಲ್ಲಿ ಮನೆಗಳಿಗೆ ಮೀಸಲಾದ ಜಾಗ ಗ್ರಾಮಠಾಣ. ಅದರ ಹೊರಗೆ ಬೆಳೆದ ವಸತಿ ಎಷ್ಟೇ ಹಳೆಯದಾದರೂ ದಾಖಲೆಯಲ್ಲಿ ಅದು ಮೂಲ ಗ್ರಾಮದ ಒಂದು ಸರ್ವೆ ನಂಬರ್ ಮಾತ್ರ. ಖಾಸಗಿ ಜಮೀನಿನಲ್ಲಿರುವ ಇಂತಹ ವಸತಿಗಳಿಗೆ ಭೂ ಸುಧಾರಣಾ ಕಾಯ್ದೆಯ 38-ಎ ಕಲಂ, ಸರ್ಕಾರಿ ಜಮೀನಿನಲ್ಲಿರುವವಕ್ಕೆ ಭೂಕಂದಾಯ ಕಾಯ್ದೆಯ 94-ಡಿ ಕಲಂ ಹಕ್ಕು ನೀಡುವ ದಾರಿ ತೆರೆದಿವೆ.

ಬೆಳೆಯಲು ಜಾಗವೆಲ್ಲಿ?

ಅಣ್ಣತಮ್ಮಂದಿರು ಬೇರೆಯಾದಾಗ ಹೊಸ ಮನೆ ಏಳುವುದು ಹೊಲದ ಅಂಚಿನಲ್ಲಿ. ಕೃಷಿ ಜಮೀನಿನಲ್ಲಿ ಮನೆಗಳ ಬಡಾವಣೆ ಆಗಬೇಕಾದರೆ ಸಾಮಾನ್ಯವಾಗಿ ಭೂಕಂದಾಯ ಕಾಯ್ದೆಯ 95ನೇ ಕಲಂ ಅನ್ವಯ ಭೂ ಪರಿವರ್ತನೆ ಹಾಗೂ ವಿನ್ಯಾಸದ ಅನುಮೋದನೆ ಬೇಕು. ಇವೆರಡೂ ಇಲ್ಲದೆ ಮಾರಾಟವಾಗುವುದೇ ಜನರಾಡುವ ‘ರೆವಿನ್ಯೂ ಸೈಟ್’. ಅಲ್ಲಿ ರಸ್ತೆ, ಚರಂಡಿಗೆ ಜಾಗ ಬಿಡಿಸುವ ಹೊಣೆ ಯಾರಿಗೂ ಇರುವುದಿಲ್ಲ.

ಇನ್ನುಳಿದದ್ದು ಗೋಮಾಳ. ನಿಯಮದಂತೆ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕು. ಆದರೆ ನಿವೇಶನ, ಶಾಲೆ, ಸ್ಮಶಾನ ಹೀಗೆ ಊರಿಗೆ ಏನೇ ಬೇಕಾದರೂ ಮೊದಲು ಕಣ್ಣು ಬೀಳುವುದು ಅದರ ಮೇಲೆಯೇ. ಕುರಿ, ದನ ನಂಬಿದ ಕುಟುಂಬಗಳಿಗೆ ಇದು ಬದುಕಿನ ಪ್ರಶ್ನೆ.

ಬರಕ್ಕೆ ಒಗ್ಗಿದ ಈ ಭಾಗದಲ್ಲಿ ಮತ್ತೊಂದು ಅಪಾಯವೂ ಇದೆ. ವರ್ಷಗಟ್ಟಲೆ ಒಣಗಿದ ಹಳ್ಳ, ಕೆರೆಯ ಅಂಗಳ ಖಾಲಿ ನಿವೇಶನದಂತೆ ಕಾಣುತ್ತವೆ. ಒಂದು ವರ್ಷ ಮಳೆ ಜೋರಾದರೆ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಯೋಜನೆ ಯಾರ ಕೆಲಸ?

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆ ತಯಾರಾಗುವುದು ಅಧಿಸೂಚಿತ ಯೋಜನಾ ಪ್ರದೇಶಗಳಿಗೆ. ಅವುಗಳ ಹೊರಗಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯೇ ಆಧಾರ. ಅದು ಮುಖ್ಯವಾಗಿ ಆಯಾ ವರ್ಷದ ಕಾಮಗಾರಿಗಳ ಪಟ್ಟಿ. ಇಪ್ಪತ್ತು ವರ್ಷಗಳ ನಂತರದ ಊರಿನ ಚಿತ್ರವಲ್ಲ.

ಆದರೆ ಸಂವಿಧಾನದಲ್ಲಿ ಇದಕ್ಕೆ ದಾರಿಯಿದೆ. ಪಂಚಾಯಿತಿ ಹಾಗೂ ಪಟ್ಟಣಗಳೆರಡಕ್ಕೂ ಸಂಬಂಧಿಸಿದ ಭೂಬಳಕೆ, ನೀರಿನ ಹಂಚಿಕೆಗಳನ್ನು ಜಿಲ್ಲಾ ಯೋಜನಾ ಸಮಿತಿ ಕರಡು ಯೋಜನೆಯಲ್ಲಿ ಪರಿಗಣಿಸಬೇಕೆಂದು 243 ಝಡ್‌ಡಿ ವಿಧಿ ಹೇಳುತ್ತದೆ. ಗ್ರಾಮಗಳ ವಸತಿ ಪ್ರದೇಶವನ್ನು ಡ್ರೋನ್ ಮೂಲಕ ಅಳೆಯುವ ಕೇಂದ್ರದ ‘ಸ್ವಾಮಿತ್ವ’ ಯೋಜನೆಯೂ 2020ರಲ್ಲಿ ಆರಂಭವಾಗಿದೆ.

ಹೀಗಾಗಿ ಕಾನೂನಿಗೂ ತಂತ್ರಜ್ಞಾನಕ್ಕೂ ಕೊರತೆಯಿಲ್ಲ. ಮನೆಗಳಿಗೆ ಎಷ್ಟು, ಮೇವಿಗೆ ಎಷ್ಟು, ಸ್ಮಶಾನ ಎಲ್ಲಿ, ಯಾವ ಹಳ್ಳವನ್ನು ಮುಟ್ಟಬಾರದು ಎಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ನಕ್ಷೆಯ ಮೇಲೆ ಗುರುತಿಸುವ ಕೆಲಸ ಆಗಬೇಕಿದೆ. ಇಂದು ಗುರುತು ಹಾಕಿ ಉಳಿಸಿಕೊಳ್ಳಬಹುದಾದ ಸರ್ಕಾರಿ ಜಮೀನು ಒಮ್ಮೆ ಕೈತಪ್ಪಿದರೆ, ನಾಳೆ ಸ್ಮಶಾನಕ್ಕೂ ಹಣ ತೆತ್ತು ಜಾಗ ಕೊಳ್ಳಬೇಕಾಗುತ್ತದೆ.