ಬಿಸಿಲನ್ನು ಕಾಣದ ಗಡಿಯಾರ

ಯುಗಾದಿಯ ದಿನ ಮಂಡ್ಯ ಸೀಮೆಯ ರೈತ ಹೊನ್ನಾರು ಕಟ್ಟುತ್ತಾನೆ. ಏಪ್ರಿಲ್ 1ರಂದು ಸರ್ಕಾರದ ಹೊಸ ಲೆಕ್ಕದ ವರ್ಷ ಆರಂಭವಾಗುತ್ತದೆ. ಅದರ ಆಸುಪಾಸಿನಲ್ಲೇ ನೌಕರರ ವರ್ಗಾವಣೆ, ಕಾರ್ಯನಿರ್ವಹಣಾ ವರದಿ, ಖಾಸಗಿ ಕಂಪನಿಗಳ ವೇತನ ಪರಿಷ್ಕರಣೆ ಎಲ್ಲವೂ ನಡೆಯುತ್ತವೆ. ಹೀಗೆ ನಮ್ಮಲ್ಲಿ ದುಡಿಮೆಯ ಹೊಸ ವರ್ಷ ತೆರೆದುಕೊಳ್ಳುವುದೇ ಕಡುಬೇಸಿಗೆಯಲ್ಲಿ. ದೇಹ ಅತ್ಯಂತ ಬಳಲುವ ಋತುವಿನಲ್ಲಿಯೇ ಮನಸ್ಸು ಅತ್ಯಂತ ಚುರುಕಾಗಿರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಆ ನಿರೀಕ್ಷೆ ಈಡೇರದಿದ್ದಾಗ ಅದಕ್ಕೆ ಸೋಮಾರಿತನ, ನಿರಾಸಕ್ತಿ ಎಂದು ಹೆಸರಿಡುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸೇವೆಯಲ್ಲಿದ್ದಾಗ ಒಂದು ಬೇಸಿಗೆಯಲ್ಲಿ, ಮಧ್ಯಾಹ್ನದ ಹೊತ್ತು ಕಡತಗಳಲ್ಲಿ ಪದೇ ಪದೇ ತಪ್ಪು ಮಾಡುತ್ತಿದ್ದ ಯುವ ಗುಮಾಸ್ತರೊಬ್ಬರಿಗೆ ಕಾರಣ ಕೇಳಿ ನೋಟಿಸ್ ನೀಡಿದೆ. ಅವರು ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಅವರು ಕೂರುತ್ತಿದ್ದುದು ಕಲ್ನಾರಿನ ಶೀಟು ಹೊದಿಸಿದ ದಾಖಲೆ ಕೊಠಡಿಯಲ್ಲಿ. ಬೆಳಗಿನ ಹೊತ್ತು ಅವರು ಬರೆದ ಟಿಪ್ಪಣಿಗಳಲ್ಲಿ ಒಂದು ಅಕ್ಷರದ ದೋಷವೂ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ನೋಟಿಸ್ ಕೊಟ್ಟ ಮೇಲೆ. ಅದನ್ನು ಹಿಂಪಡೆದೆನಾದರೂ, ವೃತ್ತಿಯ ಮೊದಲ ವರ್ಷದಲ್ಲೇ ಅವರ ಉತ್ಸಾಹಕ್ಕೆ ಬಿದ್ದ ಪೆಟ್ಟನ್ನು ಹಿಂಪಡೆಯಲು ನನಗೆ ಸಾಧ್ಯವಾಗಲಿಲ್ಲ.

ಅಂದು ನನಗೆ ಅನುಭವದಿಂದ ತಿಳಿದದ್ದನ್ನು ಇಂದು ಅರ್ಥಶಾಸ್ತ್ರಜ್ಞರು ಅಂಕಿಅಂಶಗಳಿಂದ ಹೇಳುತ್ತಿದ್ದಾರೆ. ಏರುತ್ತಿರುವ ತಾಪದಿಂದಾಗಿ 2030ರಲ್ಲಿ ಭಾರತವು ತನ್ನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ 5.8ರಷ್ಟನ್ನು ಕಳೆದುಕೊಳ್ಳಬಹುದು, ಇದು ಸುಮಾರು 3.4 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂದಾಜಿಸಿತು. ಭಾರತದ ಕಾರ್ಖಾನೆಗಳನ್ನು ಕುರಿತು ಇ. ಸೋಮನಾಥನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷದ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಉತ್ಪಾದನೆ ಸುಮಾರು ಶೇ 2ರಷ್ಟು ಇಳಿಯುತ್ತದೆ. ಹವಾನಿಯಂತ್ರಣ ಅಳವಡಿಸಿದ ಕಡೆ ಕೆಲಸದ ವೇಗ ಕುಗ್ಗುವುದಿಲ್ಲವಾದರೂ ಗೈರುಹಾಜರಿ ಕಡಿಮೆಯಾಗುವುದಿಲ್ಲ ಎಂಬ ಅಂಶ ಇನ್ನೂ ಮುಖ್ಯವಾದುದು. ಕಾರ್ಮಿಕನ ಮನೆ, ಅವನು ಬರುವ ದಾರಿ, ಅವನ ರಾತ್ರಿಯ ನಿದ್ದೆ ಯಾವುದೂ ಹವಾನಿಯಂತ್ರಿತವಲ್ಲವಷ್ಟೆ!

ಪರಿಹಾರಗಳು ಯಾವಾಗಲೂ ದುಬಾರಿಯಲ್ಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹಳೆಯ ದೀಪಗಳ ಬದಲು ಕಡಿಮೆ ಶಾಖ ಹೊಮ್ಮಿಸುವ ಎಲ್‌ಇಡಿ ದೀಪಗಳನ್ನು ಹಾಕಿದಾಗ, ಸೆಕೆಯ ದಿನಗಳಲ್ಲಿ ಉಂಟಾಗುತ್ತಿದ್ದ ಉತ್ಪಾದನಾ ನಷ್ಟದ ಬಹುಪಾಲು ನೀಗಿತೆಂದು 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತೋರಿಸಿದೆ. ವಿದ್ಯುತ್ ಬಿಲ್ ಇಳಿಸಲು ಮಾಡಿದ ಬದಲಾವಣೆ ದುಡಿಯುವವರ ದಣಿವನ್ನೂ ಇಳಿಸಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತಂಪಾಗಿಸಿ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಂಥ ಕಡೆ ಉದ್ಯೋಗ ಕಂಡುಕೊಂಡಿರುವ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಪ್ರೇರಣೆಯ ಉಪನ್ಯಾಸಕ್ಕಿಂತ ತಂಪು ನೀರು ಮತ್ತು ಗಾಳಿಯಾಡುವ ಛಾವಣಿ ಹೆಚ್ಚು ಉಪಕಾರ ಮಾಡಬಲ್ಲವು.

ವಿಶ್ವೇಶ್ವರಯ್ಯ ನಾಲೆಯ ಹಸಿರು ನೋಡಿದವರಿಗೆ ಮಂಡ್ಯ ಜಿಲ್ಲೆ ತಂಪಾದುದೆಂಬ ಭಾವನೆ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿ, ಅದರ ಹಿಂದೆಯೇ ಬಂದ 2024ರ ಬೇಸಿಗೆ ಆ ಭಾವನೆಯನ್ನು ಅಳಿಸಿಹಾಕಿತು. ಆದರೂ ನಮ್ಮ ಕಚೇರಿಯ ಗಡಿಯಾರ ಬದಲಾಗಲಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿಯಿದೆ. ಅಲ್ಲಿ ಆಡಳಿತವೇನೂ ಕುಸಿದುಬಿದ್ದಿಲ್ಲ.

ವಾಸ್ತವವಾಗಿ ಇದು ನಮಗೆ ಹೊಸ ಪಾಠವೂ ಅಲ್ಲ. ನಮ್ಮ ಹಿರಿಯರು ಕೋಳಿ ಕೂಗುವ ಹೊತ್ತಿಗೆ ಆರು ಕಟ್ಟಿ, ಬಿಸಿಲೇರುವ ಮುನ್ನ ಬಿಡುತ್ತಿದ್ದರು. ಅಂಬಲಿಯೋ ಮಜ್ಜಿಗೆಯೋ ಕುಡಿದು ಹೊಂಗೆಯ ನೆರಳಿನಲ್ಲಿ ಮಲಗಿದವನನ್ನು ಯಾರೂ ಸೋಮಾರಿ ಎನ್ನುತ್ತಿರಲಿಲ್ಲ. ಸಂಜೆಯ ಕೆಲಸ ಅವನಿಗಾಗಿ ಕಾದಿರುತ್ತಿತ್ತು.

ಆಕ್ಷೇಪಗಳಿಲ್ಲವೆಂದಲ್ಲ. ದೂರದ ಹಳ್ಳಿಯಿಂದ ಪಹಣಿಗೋ ಪಿಂಚಣಿಗೋ ಬರುವ ವೃದ್ಧರು ಬೆಳಿಗ್ಗೆ 8ಕ್ಕೆ ತಲುಪುವುದು ಕಷ್ಟ. ರೈಲು ನಿಲ್ದಾಣವಿಲ್ಲದ ಮಳವಳ್ಳಿಗೆ ಬಸ್ಸೇ ಗತಿ. ಆದುದರಿಂದ ಕಣ್ಣುಮುಚ್ಚಿ ವೇಳೆ ಬದಲಿಸುವುದು ಸಲ್ಲದು. ಕಡತದ ಕೆಲಸವನ್ನು ಬೆಳಗಿಗೆ, ಸುಲಭದ ಕೆಲಸವನ್ನು ಮಧ್ಯಾಹ್ನಕ್ಕೆ ಹಂಚುವ, ಒಂದು ಪಾಳಿ ಮೊದಲೇ ಬಂದು ಮೊದಲೇ ಹೋಗುವ, ಸ್ಥಳ ಪರಿಶೀಲನೆಗಳನ್ನು ಹತ್ತು ಗಂಟೆಯೊಳಗೆ ಮುಗಿಸುವ ವ್ಯವಸ್ಥೆಯನ್ನು ಕಚೇರಿ ಮುಖ್ಯಸ್ಥರ ಮಟ್ಟದಲ್ಲೇ ಮಾಡಬಹುದು.

ಹಾಗಾದರೆ ವ್ಯಕ್ತಿಯ ಛಲಕ್ಕೆ ಸ್ಥಾನವೇ ಇಲ್ಲವೇ? ಇದೆ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತ ಬೆಟ್ಟದಲ್ಲಿ ಪ್ರಾಣಿ–ಪಕ್ಷಿಗಳಿಗೆ ನೀರಿಲ್ಲದ್ದನ್ನು ಕಂಡು ದಶಕಗಳ ಕಾಲ ಕಟ್ಟೆಗಳನ್ನು ತೋಡಿದರು. 2020ರ ಜೂನ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಮಾತಿನಲ್ಲಿ ಅವರ 16 ಕೆರೆಕಟ್ಟೆಗಳನ್ನು ಉಲ್ಲೇಖಿಸಿದರು. 2022ರ ಅಕ್ಟೋಬರ್‌ನಲ್ಲಿ ಕಾಮೇಗೌಡರು ನಿಧನರಾದರು. ಅವರ ಹೆಸರು ಹೇಳಿ ನೌಕರರಿಗೆ ಬೋಧನೆ ಮಾಡುವುದು ಸುಲಭ. ಆದರೆ ಅವರು ಯಾವ ಹಾಜರಿ ಪುಸ್ತಕಕ್ಕೂ ಸಹಿ ಹಾಕುತ್ತಿರಲಿಲ್ಲ. ಹೊತ್ತು ಅವರದೇ, ಕೆಲಸದ ಆಯ್ಕೆ ಅವರದೇ, ಫಲವೂ ಕಣ್ಣೆದುರಿಗೇ. ಕುರಿ ಬಂದು ನೀರು ಕುಡಿಯುವುದನ್ನು ಅವರು ನೋಡುತ್ತಿದ್ದರು. ಉತ್ಸಾಹ ಉಳಿಯುವುದು ಇಂಥ ಕಡೆಯಲ್ಲಿ. ತನ್ನ ದುಡಿಮೆ ಯಾರಿಗೆ ತಲುಪಿತೆಂದು ಕಾಣದ ನೌಕರನಿಂದ ಅಂಥ ಛಲವನ್ನು ಬಯಸುವ ಮೇಲಧಿಕಾರಿ, ಮೊದಲು ಆ ಫಲವನ್ನು ಅವನಿಗೆ ತೋರಿಸಬೇಕು.

ಮಂಡ್ಯ, ಮದ್ದೂರುಗಳಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಕಿರಿಯರು ಸಿಕ್ಕಾಗ ನಾನು ಹೇಳುವುದು ಮೂರೇ ಮಾತು. ಮೊದಲನೆಯದು, ಅತ್ಯಂತ ಕಠಿಣವಾದ ಕೆಲಸವನ್ನು ದಿನದ ಮೊದಲ ಎರಡು ಗಂಟೆಗೆ ಮೀಸಲಿಡಿ. ಎರಡನೆಯದು, ಒಂದು ಬೇಸಿಗೆಗೆ ಒಂದೇ ಹೊಸ ವಿದ್ಯೆ ಸಾಕು. ಹತ್ತು ಬೇಸಿಗೆ ಕಳೆದಾಗ ಹತ್ತು ವಿದ್ಯೆಗಳಾಗುತ್ತವೆ, ಉದ್ಯೋಗ ಜೀವನವೆಂದರೆ ಹೀಗೆ ಕೂಡಿಬಂದ ಬಂಡವಾಳವೇ. ಮೂರನೆಯದು, ರಾಜೀನಾಮೆಯ ನಿರ್ಧಾರವನ್ನು ಮೇ ತಿಂಗಳ ಮಧ್ಯಾಹ್ನ ಮಾಡಬೇಡಿ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೂ ಅದೇ ಮನಸ್ಸಿದ್ದರೆ ಆಗ ಧೈರ್ಯವಾಗಿ ಬರೆಯಿರಿ.

ಹೊಸ ಆರ್ಥಿಕ ವರ್ಷದ ಮೊದಲ ದಿನ ಅಧಿಕಾರಿಗಳು ಕಚೇರಿಯ ಗುರಿಗಳನ್ನು ನಿಗದಿಪಡಿಸುತ್ತಾರೆ. ಅದಕ್ಕೂ ಮುನ್ನ ಅವರು ಒಂದು ಮಧ್ಯಾಹ್ನ, ಮೂರು ಗಂಟೆಯ ಹೊತ್ತಿಗೆ, ತಮ್ಮ ಕೊಠಡಿಯಿಂದ ಎದ್ದು ಹೋಗಿ ಗುಮಾಸ್ತರ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು ನೋಡಲಿ. ನಾನು ನೋಟಿಸ್ ಕೊಡುವ ಮುನ್ನ ಮಾಡಬೇಕಾಗಿದ್ದುದೂ ಅಷ್ಟೇ.