ಗುಂಡು ಹಾರಿಸುವ ಅಧಿಕಾರ

2020ನೆಯ ಇಸವಿ ಜುಲೈ 9ರಂದು ಬಂಗಾರಪೇಟೆಯ ತಹಶೀಲ್ದಾರರು, ಹಳಬರ ಮಾತಿನಲ್ಲಿ ಅಮಲ್ದಾರರು, ಆಗಿದ್ದ ಚಂದ್ರಮೌಳೇಶ್ವರ ಅವರು ಕಳವಂಚಿ ಗ್ರಾಮಕ್ಕೆ ಜಮೀನಿನ ಮೋಜಣಿಗೆಂದು ಹೋಗಿದ್ದಾಗ ಚೂರಿಯ ಇರಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಸರ್ಕಾರದ ಕೆಲಸದ ಮೇಲಿದ್ದ ಅಧಿಕಾರಿಯೊಬ್ಬರು ಹಾಡಹಗಲಿನಲ್ಲಿ ಹೀಗೆ ಹತರಾದುದನ್ನು ತಾಲ್ಲೂಕಿನ ಜನರು ಇನ್ನೂ ಮರೆತಿಲ್ಲ. ಆಪಾದಿತನು ಜೀವಸಹಿತವಾಗಿ ಸೆರೆಸಿಕ್ಕಿದನು.

ಈಚೆಗೆ ಬಂಗಾರಪೇಟೆಯ ನಿಲ್ದಾಣದಲ್ಲಿ ಮಾರಿಕುಪ್ಪಂ ಗಾಡಿಗಾಗಿ ಕಾಯುತ್ತಿದ್ದ ಕೆಲವರು ಗೃಹಸ್ಥರು ಈ ಪ್ರಸಂಗವನ್ನೆತ್ತಿ, “ಅಂತಹವನನ್ನು ಆಗಲೇ ಸುಟ್ಟುಹಾಕಬೇಕಾಗಿತ್ತು” ಎಂದು ಆಡಿಕೊಂಡುದು ನಮ್ಮ ಕಿವಿಗೆ ಬಿದ್ದಿತು. ಮಾತನಾಡಿದವರು ಪುಂಡರಲ್ಲ, ಓದಿದವರು, ಪಿಂಚಣಿ ಪಡೆಯುವವರು. ಆದುದರಿಂದಲೇ ಈ ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

“ಆಗಲೇ” ಎಂದರೆ ಯಾವಾಗ? ನ್ಯಾಯವೆಲ್ಲವೂ ಈ ಒಂದು ಪದದಲ್ಲಿ ಅಡಗಿದೆ. ಚೂರಿಯು ಮೇಲೆದ್ದ ಕ್ಷಣದಲ್ಲಿ ಆಯುಧಧಾರಿಯಾದ ಪೊಲೀಸಿನವನೊಬ್ಬನು ಪಕ್ಕದಲ್ಲಿದ್ದು, ಬೇರೆ ದಾರಿ ಕಾಣದೆ ಗುಂಡು ಹಾರಿಸಿದ್ದರೆ, ಅವನನ್ನು ದೂರುವವರು ಯಾರೂ ಇರುತ್ತಿರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 38ನೆಯ ಕಲಮು ಸಾವಿನ ಅಥವಾ ಘೋರವಾದ ಗಾಯದ ಭಯವನ್ನು ಹುಟ್ಟಿಸುವ ಹಲ್ಲೆಯನ್ನು ತಡೆಯಲು ಪ್ರಾಣ ತೆಗೆಯುವವರೆಗೂ ಹಕ್ಕನ್ನು ಕೊಡುತ್ತದೆ. ಈ ಹಕ್ಕು ಪೊಲೀಸಿನವರಿಗೆ ಮಾತ್ರ ಮೀಸಲಲ್ಲ, ನಮಗೂ ನಿಮಗೂ ಇರತಕ್ಕದ್ದೇ. ಆದರೆ ಅದರ ಹಿಂದಿನ 37ನೆಯ ಕಲಮು, ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂದು ಕಟ್ಟುಹಾಕಿದೆ. ಚೂರಿ ಕೆಳಗೆ ಬಿದ್ದು, ಕೈಗಳನ್ನು ಹಿಡಿದು ಕಟ್ಟಿದ ಮೇಲೆ ಆ ಹಕ್ಕು ಮುಗಿಯಿತು. ಒಂದು ಗಳಿಗೆಯ ಹಿಂದೆ ರಕ್ಷಣೆಯಾಗುತ್ತಿದ್ದ ಗುಂಡು ಒಂದು ಗಳಿಗೆಯ ಮೇಲೆ ಕೊಲೆಯಾಗುತ್ತದೆ. ಅಪರಾಧವು ಎಷ್ಟು ಹೇಯವೆಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅಪಾಯವು ಆ ಕ್ಷಣದಲ್ಲಿ ಇದ್ದಿತೇ ಇಲ್ಲವೇ ಎಂಬುದಷ್ಟೇ ಬರುತ್ತದೆ.

ಒಬ್ಬನ ಮಾತು ಹೀಗಾದರೆ ಗುಂಪಿನ ಮಾತು ಇನ್ನೂ ತೊಡಕಾದುದು. ಇದನ್ನು ತಿಳಿಯಲು ಹಿಂದಿನ ಕೋಲಾರ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಿಂದ ಅದೇ ಗಾಡಿ ಮುಟ್ಟುವ ಚಿನ್ನದ ಗಣಿಯಲ್ಲಿ 1946ನೆಯ ನವೆಂಬರ್ 4ರಂದು ಪೊಲೀಸರ ಗೋಲೀಬಾರಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿದ್ದ ಆ ಗಣಿಗಳಲ್ಲಿ ಚಿತ್ತೂರು, ಉತ್ತರ ಆರ್ಕಾಟು ಮುಂತಾದ ಸೀಮೆಗಳಿಂದ ಬಂದ ಬಡವರು ನೆಲದೊಳಗೆ ಮೈಲಿಗಟ್ಟಲೆ ಆಳಕ್ಕಿಳಿದು ದುಡಿಯುತ್ತಿದ್ದರು. ಬಂಡೆ ಸಿಡಿದು ಸತ್ತವರುಂಟು, ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತವರುಂಟು. ಆದರೂ ಊರು ನವೆಂಬರ್ 4ನ್ನು ಬೇರೆಯಾಗಿ ನೆನೆಯುತ್ತದೆ. ಗಣಿಗಳು 1956ರಲ್ಲಿ ಸರ್ಕಾರದ ವಶಕ್ಕೆ ಬಂದುವು, 2001ರಲ್ಲಿ ಮುಚ್ಚಿಯೂ ಹೋದುವು. ಗಣಿಯೇ ಇಲ್ಲದ ಊರಿನಲ್ಲಿ ಆ ದಿನದ ನೆನಪು ಮಾತ್ರ ಉಳಿದುಕೊಂಡಿದೆ.

ಅದಕ್ಕೆ ಎಂಟು ವರ್ಷಗಳ ಹಿಂದೆ, 1938ನೆಯ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಮೀರಿ ಸಭೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಹತ್ತರ ಆಸುಪಾಸು ಎಂದು ಸರ್ಕಾರದವರ ಲೆಕ್ಕ. ಮೂವತ್ತೆರಡು ಎಂದು ಜನರ ಲೆಕ್ಕ. ವಿವಾದವು ಇದ್ದುದು ತ್ರಿವರ್ಣ ಧ್ವಜವನ್ನು ಹಾರಿಸುವ ವಿಷಯದಲ್ಲಿ. ಮುಂದಿನ ತಿಂಗಳಲ್ಲಿಯೇ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಸರ್ದಾರ್ ಪಟೇಲರಿಗೂ ಒಪ್ಪಂದವಾಗಿ, ಆ ಧ್ವಜವನ್ನು ಹಾರಿಸಲು ಮೈಸೂರು ಸಂಸ್ಥಾನದಲ್ಲಿ ಅವಕಾಶ ದೊರೆಯಿತು. ಮೇ ತಿಂಗಳಿನಲ್ಲಿ ಮಾತಿನಿಂದ ಕೊಡಬಹುದಾಗಿದ್ದುದನ್ನು ಏಪ್ರಿಲ್‌ನಲ್ಲಿ ಕೊಟ್ಟಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಆದರೆ ಒಂದು ಮಾತನ್ನು ಆ ಸರ್ಕಾರದ ಪರವಾಗಿ ಹೇಳಲೇಬೇಕು. ಪ್ರಜೆಗಳ ಕೂಗಿಗೆ ಮಣಿದು, ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಸರ್ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಗುಂಡು ಹಾರಿಸಿದವರ ಬಾಯಿಂದಲೇ ತೀರ್ಪು ಬರಬಾರದೆಂಬ ತತ್ತ್ವವನ್ನು ಅಷ್ಟರಮಟ್ಟಿಗೆ ಒಪ್ಪಿಕೊಂಡಂತಾಯಿತು.

ಇಂದಿನ ಕಾಯಿದೆಯೂ ಈ ತತ್ತ್ವವನ್ನು ಅರ್ಧ ಒಪ್ಪುತ್ತದೆ, ಅರ್ಧ ಹಿಂಜರಿಯುತ್ತದೆ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಮಿನ ಮೇರೆಗೆ ಮ್ಯಾಜಿಸ್ಟ್ರೇಟರಾಗಲಿ, ಸಬ್‌ಇನ್‌ಸ್ಪೆಕ್ಟರ ದರ್ಜೆಗೆ ಕಡಮೆಯಲ್ಲದ ಅಧಿಕಾರಿಯಾಗಲಿ ಗುಂಪಿಗೆ ಚದುರಿಹೋಗಲು ಆಜ್ಞೆ ಕೊಟ್ಟು, ಚದುರದಿದ್ದರೆ ಬಲವನ್ನು ಉಪಯೋಗಿಸಬಹುದು. ಮೊದಲು ಆಜ್ಞೆ, ಆಮೇಲೆ ಬಲ. ಆಜ್ಞೆಯು ಕಿವಿಗೆ ಬೀಳದೆ ಹಾರಿದ ಗುಂಡು ಈ ಕಲಮಿನ ನೆರಳಿಗೆ ಬರಲಾರದೆಂದು ನಮ್ಮ ಅಭಿಪ್ರಾಯ. ಆದರೆ 151ನೆಯ ಕಲಮಿನಲ್ಲಿ, ಹೀಗೆ ಬಲವನ್ನು ಉಪಯೋಗಿಸಿದ ಅಧಿಕಾರಿಯ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಬ್ರಿಟಿಷರ ಕಾಲದ ಬೇಲಿ ಹೊಸ ಹೆಸರಿನ ಸಂಹಿತೆಯಲ್ಲಿಯೂ ನಿಂತಿದೆ.

ಈಗಿನ ದಿನಗಳಲ್ಲಿ ಇನ್ನೊಂದು ಬಗೆಯ ವರದಿ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಆಪಾದಿತನನ್ನು ಮಹಜರಿಗೆ ಕರೆದುಕೊಂಡು ಹೋಗಲಾಯಿತು. ಅವನು ಪೊಲೀಸರ ಮೇಲೆ ಎರಗಿದನು. ಆತ್ಮರಕ್ಷಣೆಗಾಗಿ ಅವನ ಕಾಲಿಗೆ ಗುಂಡು ಹಾರಿಸಲಾಯಿತು. ಹೆಸರು, ಊರು ಮಾತ್ರ ಬೇರೆ ಬೇರೆ. ಇವುಗಳಲ್ಲಿ ಸತ್ಯವಾದವೂ ಇರಬಹುದು. ಅಪಾಯವು ನಿಜವೆಂಬುದಕ್ಕೆ 1992ನೆಯ ಆಗಸ್ಟ್ 14ರಂದು ಮಿಣ್ಯಂ ಬಳಿ ವೀರಪ್ಪನ್ನನ ಗುಂಪಿಗೆ ಬಲಿಯಾದ ಎಸ್.ಪಿ. ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಇವರೇ ಸಾಕ್ಷಿ. ಅಂತಹ ಕೆಲಸಕ್ಕೆ ಹೋಗುವವರ ಕೈಯನ್ನು ಕಟ್ಟಬೇಕೆಂದು ನಾವು ಹೇಳುವವರಲ್ಲ. ಆದರೆ 2019ನೆಯ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ನಾಲ್ವರು ಆಪಾದಿತರು ಪೊಲೀಸರ ವಶದಲ್ಲಿದ್ದಾಗಲೇ ಗುಂಡಿಗೆ ಸತ್ತಾಗಲೂ ಇದೇ ಕಥೆ ಬಂದಿತು. ಜನರು ಪೊಲೀಸರ ಮೇಲೆ ಹೂ ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪೂರ್‌ಕರ್ ಆಯೋಗವು, ಆ ಕಥೆಯನ್ನು ನಂಬುವಂತಿಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದು ವರದಿ ಮಾಡಿತು. ವರದಿಯು 2022ರಲ್ಲಿ ಹೊರಬಂದಿತು. ಅಷ್ಟರಲ್ಲಿ ಹೂಗಳು ಬಾಡಿದ್ದವು. ಆ ನಾಲ್ವರು ತಪ್ಪಿತಸ್ಥರೇ ಅಲ್ಲವೇ ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ಹೇಳಲಾರದು.

ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರಲ್ಲಿಯೇ ಎಲ್ಲ ಮುಖ್ಯಮಂತ್ರಿಗಳಿಗೂ ಈ ಬಗ್ಗೆ ಬರೆದು, ಪ್ರಾಣ ತೆಗೆಯುವ ಅಧಿಕಾರ ಪೊಲೀಸರಿಗಿಲ್ಲ, ಆತ್ಮರಕ್ಷಣೆಯೋ ಅಲ್ಲವೋ ಎಂಬುದು ತನಿಖೆಯಿಂದಲೇ ತಿಳಿಯಬೇಕೆಂದು ಎಚ್ಚರಿಸಿದ್ದರು. 2014ನೆಯ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ನಿಯಮವಾಗಿಯೇ ವಿಧಿಸಿತು: ಎಫ್.ಐ.ಆರ್. ದಾಖಲಾಗಬೇಕು, ಸಿ.ಐ.ಡಿ.ಯವರು ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು. ಸಾವಾದರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಗುಂಡು ಹಾರಿಸಿದ ಕೂಡಲೇ ಬಡ್ತಿ, ಪದಕಗಳನ್ನು ಕೊಡಕೂಡದು. ಘೋರವಾದ ಗಾಯವಾದಾಗಲೂ ಈ ನಿಯಮಗಳನ್ನು ಪಾಲಿಸತಕ್ಕದ್ದೆಂದು ಹೇಳಿರುವುದರಿಂದ ಕಾಲಿನ ಗುಂಡೂ ಹೊರತಲ್ಲ. ಇದನ್ನು ಬಲ್ಲ ಅಧಿಕಾರಿಗಳೂ ನಮ್ಮ ವಾಚಕರಲ್ಲಿರುವರು.

ವಿಚಾರಣೆಯ ವರದಿಗಳು ಕಚೇರಿಯ ಬೀರುವಿನಲ್ಲಿ ಕಟ್ಟಿಟ್ಟಂತೆಯೇ ಉಳಿದರೆ ಪೊಲೀಸರಿಗಾಗಲಿ ಪ್ರಜೆಗಳಿಗಾಗಲಿ ಪ್ರಯೋಜನವಿಲ್ಲ. ನ್ಯಾಯವಾಗಿ ಗುಂಡು ಹಾರಿಸಿದ ಕಾನ್‌ಸ್ಟೇಬಲನು ಸಂಶಯದ ನೆರಳಿನಲ್ಲಿಯೇ ಸೇವೆ ಮುಗಿಸಬೇಕಾಗುತ್ತದೆ. ಅನ್ಯಾಯವಾಗಿ ಹಾರಿಸಿದವನು ಅದೇ ನೆರಳಿನಲ್ಲಿ ಅಡಗಿಕೊಳ್ಳುತ್ತಾನೆ. ಆದುದರಿಂದ ಗೋಲೀಬಾರಿನ ಪ್ರತಿಯೊಂದು ವಿಚಾರಣೆಯ ವರದಿಯನ್ನೂ ಗೊತ್ತಾದ ಗಡುವಿನೊಳಗೆ ಕನ್ನಡದಲ್ಲಿ ಅಚ್ಚುಮಾಡಿಸಿ, ಘಟನೆ ನಡೆದ ತಾಲ್ಲೂಕಿನ ಕಚೇರಿಯಲ್ಲಿ ಯಾರು ಬೇಕಾದರೂ ಓದುವಂತೆ ಇರಿಸಬೇಕೆಂದು ಸರ್ಕಾರದವರನ್ನು ಕೇಳಿಕೊಳ್ಳುತ್ತೇವೆ. ಚಿನ್ನದ ಗಣಿಯ ಪ್ರದೇಶಕ್ಕೆ ಪ್ರತ್ಯೇಕ ಪೊಲೀಸ್ ಜಿಲ್ಲೆಯೇ ಇದೆ. ಈ ಪದ್ಧತಿಯನ್ನು ಅಲ್ಲಿಂದ ಆರಂಭಿಸಲು ಅಡ್ಡಿಯೇನೂ ನಮಗೆ ಕಾಣುವುದಿಲ್ಲ.