ರಾಜಿ ಮತ್ತು ರಾಜೀನಾಮೆ

ಪಾರಸಿಯಿಂದ ಕಚೇರಿಗಳ ಮಾರ್ಗವಾಗಿ ಕನ್ನಡಕ್ಕೆ ಬಂದು ನೆಲೆನಿಂತ ಪದಗಳಲ್ಲಿ 'ರಾಜೀನಾಮೆ' ಎಂಬುದೊಂದು. ಮೂಲದಲ್ಲಿ ಅದರ ಅರ್ಥ ಒಪ್ಪಿಗೆಯ ಪತ್ರ. ವ್ಯಾಜ್ಯಕ್ಕೆ ನಿಂತ ಇಬ್ಬರು ತಂತಮ್ಮ ಹಟವನ್ನು ಅಷ್ಟಷ್ಟು ಸಡಿಲಿಸಿ, ಇನ್ನು ತಮಗೆ ತಕರಾರಿಲ್ಲವೆಂದು ಬರೆದುಕೊಡುವ ಕಾಗದ. ಉತ್ತರದ ನ್ಯಾಯಾಲಯಗಳಲ್ಲಿ ಇಂದಿಗೂ ಆ ಅರ್ಥ ಉಳಿದಿದೆ. ಕನ್ನಡದಲ್ಲಾದರೋ ಅದು ಪದತ್ಯಾಗದ ಪತ್ರವಾಗಿ ಪರಿಣಮಿಸಿದೆ. ರಾಜಿಗೆ ಒಪ್ಪಿದವನು ಕಡೆಗೆ ಕುರ್ಚಿಯನ್ನೇ ಬಿಟ್ಟೇಳಬೇಕಾದೀತೆಂಬ ಎಚ್ಚರಿಕೆಯನ್ನು ಭಾಷೆ ತಾನರಿಯದೆಯೇ ತನ್ನ ಮಡಿಲಲ್ಲಿ ಇರಿಸಿಕೊಂಡಿದೆಯೋ ಏನೋ ಎಂದು, ಬೆಳಗಿನ ಪತ್ರಿಕೆಯನ್ನು ತೆರೆದಾಗ ನನಗೆ ಎಷ್ಟೋ ಸಲ ತೋರಿದ್ದುಂಟು.

ರಾಜಕೀಯ ಪಕ್ಷಗಳು ಒಂದಕ್ಕೊಂದು ಮಣಿಯದಿರುವುದಕ್ಕೆ ಅವುಗಳ ತತ್ತ್ವಭೇದವೇ ಕಾರಣವೆಂದು ಜನ ಸಾಧಾರಣವಾಗಿ ಭಾವಿಸುತ್ತಾರೆ. ಒಬ್ಬರು ಪೂರ್ವಕ್ಕೆ ಹೊರಟವರು, ಮತ್ತೊಬ್ಬರು ಪಶ್ಚಿಮಕ್ಕೆ. ನಡುದಾರಿಯಲ್ಲಿ ಸೇರುವುದಾದರೂ ಹೇಗೆ? ಈ ವಿವರಣೆ ಉಭಯ ಪಕ್ಷಗಳಿಗೂ ಗೌರವ ತರತಕ್ಕದ್ದು. ಆದಕಾರಣವೇ ಅವರೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಬ್ಬರೂ ಒಂದೇ ಊರಿಗೆ ಒಂದೇ ಗಾಡಿಯಲ್ಲಿ ಹೊರಡಬೇಕೆಂದು ಬಾಯಿಬಿಟ್ಟು ಹೇಳುತ್ತಲೇ, ಹೊತ್ತುಗೊತ್ತಿಗೆ ಮಾತ್ರ ಹೊರಡದೆ ಕುಳಿತ ಸಂದರ್ಭವೊಂದು ನಮ್ಮ ದೇಶದ ಇತ್ತೀಚಿನ ಚರಿತ್ರೆಯಲ್ಲಿದೆ. ಸರಕು ಮತ್ತು ಸೇವಾ ತೆರಿಗೆ, ಎಂದರೆ ಜಿಎಸ್‌ಟಿಯ ಕತೆ ಅದು.

ಕಾರ್ಖಾನೆಯ ಬಾಗಿಲಲ್ಲಿ ಕೇಂದ್ರದ ಅಬಕಾರಿ ಸುಂಕ, ಗಡಿ ದಾಟುವಾಗ ಪ್ರವೇಶ ತೆರಿಗೆ, ಅಂಗಡಿಯಲ್ಲಿ ರಾಜ್ಯದ ಮಾರಾಟ ತೆರಿಗೆ, ಹೀಗೆ ತೆರಿಗೆಯ ಮೇಲೆ ತೆರಿಗೆ ಕೂತು ಒಂದು ಸಾಬೂನಿನ ಬಿಲ್ಲೆಯ ಬೆಲೆಯಲ್ಲಿ ಸರ್ಕಾರಗಳ ಪಾಲೆಷ್ಟೆಂಬುದು ಕೊಂಡವನಿಗಿರಲಿ, ಮಾರಿದವನಿಗೂ ತಿಳಿಯದಂತಿದ್ದ ಕಾಲದಲ್ಲಿ, ಇವೆಲ್ಲವನ್ನೂ ಒಂದುಗೂಡಿಸಬೇಕೆಂಬ ಯೋಚನೆ ವಾಜಪೇಯಿಯವರ ಸರ್ಕಾರದ ದಿನಗಳಲ್ಲೇ ಹುಟ್ಟಿತು. 2000ದಲ್ಲಿ ಅದರ ರೂಪರೇಖೆಯನ್ನು ಸಿದ್ಧಪಡಿಸುವ ಹೊಣೆಯನ್ನು ವಹಿಸಿದ್ದು ಯಾರಿಗೆಂದರೆ ಪಶ್ಚಿಮ ಬಂಗಾಳದ ಅರ್ಥಸಚಿವರೂ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದವರೂ ಆದ ಅಸೀಮ್ ದಾಸ್‌ಗುಪ್ತ ಅವರಿಗೆ. ಭಾಜಪದ ಪ್ರಧಾನಿ ಕಮ್ಯುನಿಸ್ಟ್ ಸಚಿವರೊಬ್ಬರನ್ನು ಕರೆದು ಲೆಕ್ಕಪುಸ್ತಕವನ್ನು ಕೈಗಿತ್ತದ್ದು ಸಣ್ಣ ಮಾತಲ್ಲ. ಮುಂದೆ ಕಾಂಗ್ರೆಸ್ ನೇತೃತ್ವದ ಸರ್ಕಾರ ಬಂದಿತು; 2006ರ ಆಯವ್ಯಯ ಭಾಷಣದಲ್ಲಿ ಪಿ. ಚಿದಂಬರಂ ಅವರು 2010ರ ಏಪ್ರಿಲ್ 1ರ ಗಡುವನ್ನು ಸಾರಿದರು. ಗಡುವು ಬಂದಿತು, ಹೋಯಿತು. 2011ರ ಮಾರ್ಚಿನಲ್ಲಿ ಪ್ರಣವ್ ಮುಖರ್ಜಿಯವರು ಸಂವಿಧಾನದ 115ನೆಯ ತಿದ್ದುಪಡಿ ಮಸೂದೆಯನ್ನು ಲೋಕಸಭೆಯ ಮುಂದಿರಿಸಿದರು. ಈಗ ಅಡ್ಡ ನಿಂತದ್ದು ಭಾಜಪದ ಆಳ್ವಿಕೆಯಲ್ಲಿದ್ದ ಗುಜರಾತ್ ಮತ್ತು ಮಧ್ಯಪ್ರದೇಶ. ತೆರಿಗೆ ಸರಕು ತಯಾರಾದ ಊರನ್ನು ಬಿಟ್ಟು ಬಳಕೆಯಾದ ಊರಿಗೆ ಸಲ್ಲುವುದಾದರೆ ತಯಾರಿಸುವ ರಾಜ್ಯದ ಬೊಕ್ಕಸ ಬರಿದಾಗುವುದೆಂಬುದು ಗುಜರಾತಿನ ತಕರಾರು. ಮಸೂದೆ ಸ್ಥಾಯೀ ಸಮಿತಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದು, 2014ರಲ್ಲಿ ಆ ಲೋಕಸಭೆಯೊಡನೆಯೇ ಅಸುನೀಗಿತು.

ಆ ವರ್ಷ ಪಾತ್ರಗಳು ಅದಲುಬದಲಾದವು. ಗುಜರಾತಿನ ಮುಖ್ಯಮಂತ್ರಿಯಾಗಿದ್ದವರೇ ಪ್ರಧಾನಿಯಾದರು. ಡಿಸೆಂಬರಿನಲ್ಲಿ ಅರುಣ್ ಜೇಟ್ಲಿಯವರು ಬಹುಮಟ್ಟಿಗೆ ಅದೇ ಮಸೂದೆಗೆ 122ನೆಯ ತಿದ್ದುಪಡಿಯೆಂದು ಹೊಸ ಸಂಖ್ಯೆಯನ್ನಿತ್ತು ತಂದರು. ಲೋಕಸಭೆ 2015ರ ಮೇ ತಿಂಗಳಲ್ಲಿ ಒಪ್ಪಿತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ; ಆಗ, ಈ ತೆರಿಗೆಯನ್ನು ತನ್ನ ಕೂಸೆಂದು ಕರೆದುಕೊಳ್ಳುತ್ತಿದ್ದ ಕಾಂಗ್ರೆಸ್ಸೇ ತಡೆಗೋಡೆಯಾಗಿ ನಿಂತಿತು. ಅದರ ಬೇಡಿಕೆಗಳು ಮೂರು: ತಯಾರಿಸುವ ರಾಜ್ಯಗಳ ಸಮಾಧಾನಕ್ಕೆಂದು ಸೇರಿಸಿದ್ದ ಶೇಕಡ 1ರ ಹೆಚ್ಚುವರಿ ತೆರಿಗೆಯನ್ನು ಕೈಬಿಡಬೇಕು, ತೆರಿಗೆ ಶೇಕಡ 18ನ್ನು ಮೀರಕೂಡದೆಂದು ಸಂವಿಧಾನದಲ್ಲೇ ಬರೆಯಬೇಕು, ವಿವಾದಗಳ ಇತ್ಯರ್ಥಕ್ಕೆ ಸ್ವತಂತ್ರ ವ್ಯವಸ್ಥೆ ಇರಬೇಕು. ಮೊದಲನೆಯದು ಸರಿಯಾದ ಬೇಡಿಕೆಯೆಂದೇ ನನ್ನ ಅಭಿಪ್ರಾಯ. ಆ ಶೇಕಡ 1 ಉಳಿದಿದ್ದರೆ ತೆರಿಗೆಯ ಮೇಲಿನ ತೆರಿಗೆ ಹಿಂಬಾಗಿಲಿನಿಂದ ಮರಳಿ ಬಂದಂತಾಗುತ್ತಿತ್ತು. ವಿರೋಧವೆಲ್ಲವೂ ವ್ಯರ್ಥವೆಂದು ಬಗೆಯತಕ್ಕದ್ದಲ್ಲ.

ಅಂತೂ ಒಂದು ಪಕ್ಷ ಆಳುವಾಗ ಬೇಕೆನ್ನುವುದನ್ನು ಇನ್ನೊಂದು ಪಕ್ಷ ತಡೆಯುವುದು, ಆಸನಗಳು ಬದಲಾದೊಡನೆ ಬಾಯಿಗಳೂ ಬದಲಾಗುವುದು, ಹೀಗೆ ಹತ್ತು ವರ್ಷ ನಡೆಯಿತು. ಇಲ್ಲಿ ತತ್ತ್ವಭೇದವೆಲ್ಲಿ ಬಂತು? ಭೇದವಿದ್ದದ್ದು, ಈ ಕಾರ್ಯ ಯಾರ ಹೆಸರಿನಲ್ಲಿ ಆಗಬೇಕೆಂಬುದರಲ್ಲಿ. ಸುಧಾರಣೆಯೊಂದು ಸಫಲವಾದರೆ ಅದರ ಶ್ರೇಯಸ್ಸು ಆಳುವವರಿಗೆ ಸಲ್ಲುತ್ತದೆ. ಕೈಜೋಡಿಸಿದ ವಿರೋಧಪಕ್ಷಕ್ಕೆ ಮುಂದಿನ ಚುನಾವಣೆಯಲ್ಲಿ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ವ್ಯಾಪಾರದಲ್ಲಿ ಕೊಟ್ಟವನೂ ಕೊಂಡವನೂ ಇಬ್ಬರೂ ಲಾಭ ಪಡೆಯಬಹುದು. ಚುನಾವಣೆಯಲ್ಲಾದರೆ ಕುರ್ಚಿ ಒಂದೇ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಕಾರಣವುಂಟು. ನಮ್ಮ ಕರಾವಳಿಯ ತಾಳಮದ್ದಳೆಗಳಲ್ಲಿ 'ಕೃಷ್ಣಸಂಧಾನ' ಪ್ರಸಂಗಕ್ಕೆ ಸೇರುವಷ್ಟು ಜನ ಕೆಲವೇ ಪ್ರಸಂಗಗಳಿಗೆ ಸೇರುತ್ತಾರೆ. ಸಂಧಾನ ಮುರಿದುಬೀಳುವುದೆಂದು ಬಂದವರಿಗೆಲ್ಲ ಗೊತ್ತು. ಮುರಿದು ಬೀಳುವ ಬಗೆಯನ್ನು, ಕೌರವನ ಪಾತ್ರಧಾರಿ ಕೃಷ್ಣನ ಒಂದೊಂದು ಮಾತಿಗೂ ಕೊಡುವ ಮರುಮಾತನ್ನು ಸವಿಯಲೆಂದೇ ಅವರು ಬರುವುದು. ಸಂಧಾನವೇನಾದರೂ ಫಲಿಸಿಬಿಟ್ಟರೆ ಸಭೆಗೆ ನಿರಾಶೆಯಾದೀತು. ಪಾಂಡವರು ಕಡೆಗೆ ಕೇಳಿದ್ದು ಐದೇ ಐದು ಗ್ರಾಮ. ಅಷ್ಟನ್ನು ಕೊಟ್ಟಿದ್ದರೆ ಹಸ್ತಿನಾವತಿಗೆ ಬಡತನವೇನೂ ಬರುತ್ತಿರಲಿಲ್ಲ. ಆದರೆ ಕೇಳಿದ್ದು ತುಂಬಿದ ಸಭೆಯಲ್ಲಿ. ಪಕ್ಕದಲ್ಲಿ ಕರ್ಣನಿದ್ದ, ಶಕುನಿಯಿದ್ದ, ತಮ್ಮಂದಿರ ಸಾಲೇ ಇತ್ತು. ಕೌರವ ಹೆದರಿದ್ದು ಎದುರಿಗಿದ್ದ ಕೃಷ್ಣನಿಗಲ್ಲ, ಬೆನ್ನಿಗಿದ್ದ ತನ್ನವರ ಕಣ್ಣಿಗೆ. ಇಂದಿನ ನಾಯಕನ ಅವಸ್ಥೆಯೂ ಹೀಗೆಯೇ. ಎದುರಾಳಿಯೊಡನೆ ಮಾತಿಗೆ ಕುಳಿತನೆಂಬ ವರ್ತಮಾನ ಹಬ್ಬಿದೊಡನೆ ಅವನ ಮೇಲೆ ಮೊದಲು ಬೀಳುವವರು ವಿರೋಧಿಗಳಲ್ಲ. ಪಕ್ಷಕ್ಕಾಗಿ ಬಿಸಿಲಲ್ಲಿ ಬಾವುಟ ಹಿಡಿದು ಅಲೆದ ಸ್ವಪಕ್ಷದ ಕಾರ್ಯಕರ್ತರೇ 'ಒಳ ಒಪ್ಪಂದ' ಎಂಬ ಆ ವಿಷದ ಮಾತನ್ನು ಮೊದಲು ಆಡುತ್ತಾರೆ.

ತೆರಿಗೆಯ ಮಾತು ಹಾಗಾದರೆ ಕುದುರಿದ್ದು ಎಲ್ಲಿ? ಪ್ರೇಕ್ಷಕರಿಲ್ಲದ ಒಂದು ಕೋಣೆಯಲ್ಲಿ. ಸಂಸತ್ತಿನಲ್ಲಿ ಪಕ್ಷಗಳು ಒಂದನ್ನೊಂದು ಹಳಿಯುತ್ತಿದ್ದ ವರ್ಷಗಳಲ್ಲೆಲ್ಲ ರಾಜ್ಯಗಳ ಅರ್ಥಸಚಿವರ ಉನ್ನತಾಧಿಕಾರ ಸಮಿತಿ ಸದ್ದಿಲ್ಲದೆ ಸೇರುತ್ತಿತ್ತು. ದಾಸ್‌ಗುಪ್ತರ ಅನಂತರ ಅದರ ಅಧ್ಯಕ್ಷರಾದವರು ಬಿಹಾರದ ಭಾಜಪ ನಾಯಕ ಸುಶೀಲ್ ಕುಮಾರ್ ಮೋದಿ. ಆಗ ದಿಲ್ಲಿಯಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಮುಂದೆ ಭಾಜಪ ಸರ್ಕಾರದ ಕಾಲದಲ್ಲಿ ಕೇರಳದ ಕೆ.ಎಂ. ಮಾಣಿ, ತೃಣಮೂಲದ ಅಮಿತ್ ಮಿತ್ರ. ಅಧ್ಯಕ್ಷಪೀಠ ಹೀಗೆ ಬಹುತೇಕ ವಿರೋಧಿಗಳ ಕೈಯಲ್ಲೇ ಇದ್ದಿತು. ಆ ಕೋಣೆಯೊಳಗೆ ಬಂದವರೆಲ್ಲರಿಗೂ ತಿಂಗಳ ಮೊದಲ ದಿನ ಸಂಬಳ ಬಟವಾಡೆ ಮಾಡಬೇಕಾದ ಚಿಂತೆ ಒಂದೇ ಆಗಿತ್ತು; ಮನೆ ನಡೆಸುವವರ ಕಷ್ಟ ಮನೆ ನಡೆಸುವವರಿಗೆ ಬಲು ಬೇಗ ಅರ್ಥವಾಗುತ್ತದೆ.

ಆದರೂ ಅಲ್ಲಿ ಒಂದು ಮುಳ್ಳು ಉಳಿದಿತ್ತು. ಅದರ ಹೆಸರು ಅಪನಂಬಿಕೆ. ಅಂತರರಾಜ್ಯ ವ್ಯಾಪಾರದ ಮೇಲಿನ ಕೇಂದ್ರ ಮಾರಾಟ ತೆರಿಗೆಯನ್ನು 2007ರಲ್ಲಿ ಶೇಕಡ 4ರಿಂದ 3ಕ್ಕೂ ಮರುವರ್ಷ 2ಕ್ಕೂ ಇಳಿಸಿದಾಗ ರಾಜ್ಯಗಳಿಗಾದ ನಷ್ಟವನ್ನು ತುಂಬಿಕೊಡುವೆವೆಂದು ಕೇಂದ್ರ ಮಾತು ಕೊಟ್ಟಿತ್ತು. ಆ ಬಾಕಿ ವರ್ಷಗಟ್ಟಲೆ ಎಳೆದಾಡಿತು. ಒಪ್ಪಂದವೆಂಬುದು ಇಂದು ಕೊಟ್ಟು ನಾಳೆ ಪಡೆಯುವ ವ್ಯವಹಾರ. ನಾಳೆಯ ಮಾತಿಗೆ ಜಾಮೀನು ಯಾರು? ಕನ್ನಡಿಗರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. 2006ರ ಫೆಬ್ರವರಿಯಲ್ಲಿ ಜನತಾದಳವೂ ಭಾಜಪವೂ ತಲಾ ಇಪ್ಪತ್ತು ತಿಂಗಳು ಆಳುವುದೆಂದು ಕೂಡಿಕೊಂಡವು. ಮೊದಲ ಇಪ್ಪತ್ತು ತಿಂಗಳು ಎಚ್.ಡಿ. ಕುಮಾರಸ್ವಾಮಿಯವರದು. 2007ರ ಅಕ್ಟೋಬರಿನಲ್ಲಿ ಹಸ್ತಾಂತರದ ಹೊತ್ತು ಬಂದಾಗ ಅದು ನಡೆಯಲಿಲ್ಲ; ರಾಷ್ಟ್ರಪತಿ ಆಳ್ವಿಕೆ ಬಂದಿತು; ನವೆಂಬರಿನಲ್ಲಿ ಮತ್ತೆ ಕೂಡಿ ಬಿ.ಎಸ್. ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿ ಏಳೇ ದಿನಗಳಲ್ಲಿ ರಾಜೀನಾಮೆಯಿತ್ತರು. ಮರುವರ್ಷದ ಚುನಾವಣೆಯಲ್ಲಿ 'ವಚನಭ್ರಷ್ಟ' ಎಂಬ ಸಂಸ್ಕೃತ ಪದ ಹಳ್ಳಿಹಳ್ಳಿಯ ಕಟ್ಟೆಗಳ ಮೇಲೂ ಕೇಳಿಬಂತು.

ಈ ಮುಳ್ಳನ್ನು ತೆಗೆದದ್ದು ಸದ್ಭಾವನೆಯಲ್ಲ, ಬರವಣಿಗೆ. ಐದು ವರ್ಷ ಕಾಲ, 2015-16ರ ವರಮಾನವನ್ನು ಆಧಾರವಾಗಿಟ್ಟು, ಪ್ರತಿವರ್ಷ ಶೇಕಡ 14ರಷ್ಟು ಬೆಳೆದಂತೆ ಲೆಕ್ಕ ಹಾಕಿ, ಕಡಮೆಬಿದ್ದುದನ್ನು ಕೇಂದ್ರ ತುಂಬತಕ್ಕದ್ದೆಂದು ಕಾನೂನಿನಲ್ಲೇ ನಮೂದಾಯಿತು. ಶೇಕಡ 1ರ ಹೆಚ್ಚುವರಿ ತೆರಿಗೆ ಬಿದ್ದುಹೋಯಿತು. ಶೇಕಡ 18ರ ಮಿತಿಯನ್ನು ಸಂವಿಧಾನದಲ್ಲಿ ಬರೆಯಬೇಕೆಂಬ ಪಟ್ಟನ್ನು ಕಾಂಗ್ರೆಸ್ ಸಡಿಲಿಸಿತು. 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ಪರವಾಗಿ 203 ಮತಗಳು ಬಿದ್ದವು. ವಿರುದ್ಧವಾಗಿ ಒಂದೂ ಇಲ್ಲ. ಅಣ್ಣಾ ದ್ರಾವಿಡ ಮುನ್ನೇತ್ರ ಕಳಗದವರು ಮಾತ್ರ ಎದ್ದು ಹೊರನಡೆದರು.

ಸದಸ್ಯರು ಬಿಡಿಬಿಡಿಯಾಗಿ ಮನಸ್ಸು ಮಾಡಿ ಇಷ್ಟು ದೂರ ಬರುವ ಹಾಗಿರಲಿಲ್ಲವೆಂಬುದನ್ನೂ ನೆನೆಯಬೇಕು. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದಂದಿನಿಂದ ಪಕ್ಷದ ವಿಪ್ ಮೀರಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಪಕ್ಷಾಂತರದ ಸಂತೆಯನ್ನು ತಡೆಯಲು ಅದು ಅವಶ್ಯವೇ ಆಗಿದ್ದಿತು. ಆದರೆ ಅತ್ತಕಡೆಯ ನಾಲ್ವರೂ ಇತ್ತಕಡೆಯ ನಾಲ್ವರೂ ತಮ್ಮಷ್ಟಕ್ಕೆ ಕೂಡಿ ನಡುದಾರಿಯನ್ನು ಹುಡುಕುವ ಹಳೆಯ ಕಾಲುಹಾದಿಯನ್ನೂ ಅದು ಮುಚ್ಚಿತು. ಅಂಥ ಕಟ್ಟಿಲ್ಲದ ಅಮೆರಿಕದಲ್ಲೂ ಎರಡು ಪಕ್ಷಗಳು ಮೆಕ್ಸಿಕೋ ಗಡಿಯ ಗೋಡೆಯೊಂದರ ಹಣಕ್ಕಾಗಿ ಜಗಳವಾಡಿ 2018ರ ಕೊನೆಯಿಂದ 35 ದಿನ ಸರ್ಕಾರದ ಅನೇಕ ಕಚೇರಿಗಳಿಗೆ ಬೀಗ ಹಾಕಿಸಿದುವು. ಆದ್ದರಿಂದ ದೋಷವೆಲ್ಲವನ್ನೂ ಈ ಅನುಸೂಚಿಯ ತಲೆಗೆ ಕಟ್ಟಲಾಗದು.

2017ರ ಜೂನ್ 30ರ ಮಧ್ಯರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಹೊಸ ತೆರಿಗೆಯ ಉದ್ಘಾಟನೆ ನಡೆಯಿತು. ಗುಂಡಿ ಒತ್ತಿದವರಲ್ಲಿ ಒಬ್ಬರು, ಆರು ವರ್ಷದ ಹಿಂದೆ ಕಾಂಗ್ರೆಸ್ಸಿನ ಅರ್ಥಸಚಿವರಾಗಿ ಮೊದಲ ಮಸೂದೆಯನ್ನು ಮಂಡಿಸಿದ್ದ, ಈಗ ರಾಷ್ಟ್ರಪತಿಗಳಾಗಿದ್ದ ಪ್ರಣವ್ ಮುಖರ್ಜಿ. ಅವರ ಹಳೆಯ ಪಕ್ಷ ಆ ಸಮಾರಂಭಕ್ಕೆ ಬರಲಿಲ್ಲ. ಮತ ಕೊಟ್ಟಿದ್ದಾಯಿತು, ಮದುವೆಗೆ ಹೆಣ್ಣು ಕೊಟ್ಟವರೇ ಧಾರೆಯ ಹೊತ್ತಿಗೆ ಬಾಗಿಲಾಚೆ ನಿಂತಂತೆ. ವೇದಿಕೆಯ ಮೇಲೆ ನಮ್ಮ ಎಚ್.ಡಿ. ದೇವೇಗೌಡರೂ ಇದ್ದರು. ಅವರ ಸರ್ಕಾರ 1996ರಲ್ಲಿ ತಂದ ಮಹಿಳಾ ಮೀಸಲಾತಿ ಮಸೂದೆ ಆ ರಾತ್ರಿಯಲ್ಲೂ ಕಾನೂನಾಗದೆಯೇ ಉಳಿದಿತ್ತು. ದೊಡ್ಡ ಪಕ್ಷಗಳೆಲ್ಲ ಬೇಕೆಂದೇ ಹೇಳುತ್ತಿದ್ದ ಅದು ಅಂಗೀಕಾರವಾಗಲು 2023ರವರೆಗೆ ಕಾಯಬೇಕಾಯಿತು, ಅದೂ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ಅನಂತರವೇ ಜಾರಿಯೆಂಬ ಷರತ್ತಿನೊಡನೆ.

ಕೋಣೆಯ ಪದ್ಧತಿ ಇಂದು ಜಿಎಸ್‌ಟಿ ಮಂಡಳಿಯೆಂಬ ಹೆಸರಿನಲ್ಲಿ ಸಂವಿಧಾನದೊಳಗೆ ಸೇರಿದೆ. ಅಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಭಾಗ ತೂಕ, ರಾಜ್ಯಗಳೆಲ್ಲಕ್ಕೂ ಸೇರಿ ಎರಡು ಭಾಗ. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಲೆಕ್ಕ ಹಾಕಿ ನೋಡಿದರೆ ಕೇಂದ್ರವೊಂದೇ ಗೆಲ್ಲಲಾರದು, ಕೇಂದ್ರವನ್ನು ಬಿಟ್ಟು ಸಕಲ ರಾಜ್ಯಗಳು ಒಂದಾದರೂ ಗೆಲ್ಲಲಾರವು. ಮೊದಲ 37 ಸಭೆಗಳಲ್ಲಿ ಮತ ಎಣಿಸುವ ಪ್ರಸಂಗವೇ ಬರಲಿಲ್ಲ. 2019ರ ಡಿಸೆಂಬರಿನ 38ನೆಯ ಸಭೆಯಲ್ಲಿ ಕಟ್ಟಕಡೆಗೂ ಬಂದಿತು; ಅದು ಉಪ್ಪಿಗಾಗಿಯೂ ಅಲ್ಲ, ಸಿಮೆಂಟಿಗಾಗಿಯೂ ಅಲ್ಲ, ಲಾಟರಿ ಚೀಟಿಗಾಗಿ. ನಮ್ಮಲ್ಲಿ 2007ರಲ್ಲೇ, ಆ ಇಪ್ಪತ್ತು ತಿಂಗಳ ಸರ್ಕಾರದ ಕಾಲದಲ್ಲೇ, ನಿಷಿದ್ಧವಾದ ಲಾಟರಿ ಕೆಲವು ರಾಜ್ಯಗಳಿಗೆ ಇನ್ನೂ ವರಮಾನದ ಮೂಲ. ಮತ ಹಾಕಿಸಿ ಶೇಕಡ 28 ಎಂದು ನಿಶ್ಚಯಿಸಿದರು. ಅದೇ ಸಭೆಯಲ್ಲಿ ಪಾಲಿಪ್ರೊಪಿಲೀನ್ ಚೀಲಗಳ ತೆರಿಗೆಯೂ ಶೇಕಡ 18ಕ್ಕೆ ಏರಿತು. ಅದಕ್ಕೆ ಯಾರೂ ಮತ ಕೇಳಲಿಲ್ಲ.